ಹೋಳಿಗೆಗೆ ಪರವಾನಗಿ

ಬೆಳಗಾವಿಯ ಶಹಾಪುರದಲ್ಲಿ ಹೆಂಗಸರದೊಂದು ಮಂಡಳಿ ಇತ್ತು. ವರ್ಷಕ್ಕೊಮ್ಮೆ, ಸಂಕ್ರಾಂತಿ ಮುಗಿದ ಮೇಲೆ ಬರುವ ಒಂದು ಭಾನುವಾರ, ಮಂಡಳಿಯವರು ಮನೆಯಲ್ಲೇ ತಿಂಡಿ ಮಾಡಿ ತಂದು ಬಾಡಿಗೆ ಮೇಜುಗಳ ಮೇಲೆ ಹರವಿ ಮಾರುತ್ತಿದ್ದರು. ಬಂದದ್ದು ಯಾವುದಾದರೂ ಒಳ್ಳೆಯ ಕೆಲಸಕ್ಕೆ ಹೋಗುತ್ತಿತ್ತು. ಗೌರವ್ವನ ಶೇಂಗಾ ಹೋಳಿಗೆಗೆಂದೇ ಅನಗೋಳದಿಂದ ಸ್ಕೂಟರ್ ಹತ್ತಿ ಬರುವವರಿದ್ದರು. ಇದಕ್ಕೆಲ್ಲ ಯಾರದಾದರೂ ಅಪ್ಪಣೆ ಬೇಕು ಎನ್ನುವ ವಿಚಾರ ಮಾರುವವರಿಗೆ ಹೊಳೆದಿರಲಿಲ್ಲ, ತಿನ್ನುವವರಿಗೆ ಹೊಳೆದಿರಲಿಲ್ಲ, ಅಪ್ಪಣೆ ಕೊಡಬೇಕಾದವರಿಗಂತೂ ಹೊಳೆದೇ ಇರಲಿಲ್ಲ.

ಹೊಳೆದದ್ದು ಪ್ರಮಿಳಾಗೆ. ಲಗ್ನಕ್ಕೆ ಮೊದಲು ಅವಳು ವಕೀಲರೊಬ್ಬರ ಹತ್ತಿರ ಟೈಪ್ ಮಾಡುವ ಕೆಲಸದಲ್ಲಿದ್ದಳು. ಆ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಕಾನೂನಿಗೆ ತಕ್ಕಂತೆ ಎನ್ನುವ ಅರ್ಥದ 'ಕಾಯ್ದೇಶೀರ' ಎಂಬ ಶಬ್ದ ಅವಳನ್ನು ಬಿಟ್ಟಿರಲಿಲ್ಲ. ಹಾಲಿನವನ ಜೊತೆಗೂ ಕಾಯ್ದೇಶೀರವಾಗಿಯೇ ಜಗಳವಾಡುತ್ತಿದ್ದಳು. ಆ ವರ್ಷ ಅವಳನ್ನು ಮಂಡಳಿಯ ಕಾರ್ಯದರ್ಶಿ ಮಾಡಿದರು. ಮೊದಲ ಸಭೆಯಲ್ಲೇ ಅವಳು ಎದ್ದುನಿಂತಳು.

"ಈ ಸಲ ಪರವಾನಗಿ ತಗೊಂಡ ಮಾಡೂಣು."

ಅಧ್ಯಕ್ಷೆ ರಾಧಾಬಾಯಿ ಹುಟ್ಟಿದ್ದು ಖಾನಾಪುರದಲ್ಲಿ. ಅರ್ಧ ಮರಾಠಿ, ಅರ್ಧ ಕನ್ನಡ, ಪೂರಾ ವ್ಯವಹಾರದ ಹೆಂಗಸು. ಆ ವರ್ಷದ ಮಾರಾಟ ಅವಳ ಊರಿನ ಹೆಣ್ಣುಮಕ್ಕಳ ಶಾಲೆಗೆ ಶೌಚಾಲಯ ಕಟ್ಟಿಸಲಿಕ್ಕೆ ಎಂದು ನಿಶ್ಚಯವಾಗಿತ್ತು.

"ಯಾರರೆ ಕೇಳ್ಯಾರೇನ?" ಎಂದಳು ರಾಧಾಬಾಯಿ.

"ಅವರು ಕೇಳೂದಕ್ಕಿಂತ ಮೊದಲ ನಾವ ಹೋಗಿ ಕೇಳಿದ್ರ ನಮ್ಮ ಮರ್ಯಾದಿ, ಕಾಕು."

ಮರ್ಯಾದೆಯ ಮಾತು ಬಂದಾಗ ಯಾರೂ ಬೇಡವೆನ್ನಲಿಲ್ಲ.

ಯಾವ ಕಚೇರಿ ಎನ್ನುವುದು ಬೇಡ. ಎಲ್ಲ ಕಚೇರಿಗಳಂತೆ ಒಂದು ಕಚೇರಿ. ಪ್ರಮಿಳಾ ಇಸ್ತ್ರಿ ಮಾಡಿದ ಸೀರೆಯುಟ್ಟು ಹೋಗಿ ಮೊದಲು ಅರ್ಜಿಗೆ ಕಚೇರಿಯ ಮೊಹರಿನ ಠಸ್ಸೆ ಹಾಕಿಸಿಕೊಂಡಳು. ಆಮೇಲೆ ತಪಾಸಣೆಯ ಅಧಿಕಾರಿ ತಮ್ಮಣ್ಣನ ಮುಂದೆ ಕೂತಳು. ತಮ್ಮಣ್ಣ ಒಳ್ಳೆಯ ಮನುಷ್ಯ, ತೂಕದ ಮನುಷ್ಯ. ಕುರ್ಚಿ ಅವನನ್ನು ಕಷ್ಟಪಟ್ಟು ಹೊತ್ತಿತ್ತು. ಅರ್ಜಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಅಕ್ಕಾರ, ಹ್ವಾದ ವರ್ಷ ಹೆಂಗ ಮಾರಿದ್ರಿ?"

"ಹಂಗ ಮಾರಿದ್ವಿರಿ."

"ಯಾರರೆ ತಂಟೆ ತಗದ್ರೇನ?"

"ಇಲ್ರಿ."

"ಮತ್ತ?" ಎಂದು ಅವನು ಹುಬ್ಬು ಹಾರಿಸಿದ. ಎದ್ದು ಮನೆಗೆ ಹೋಗಿರಿ ಎಂದು ಇದಕ್ಕಿಂತ ಪ್ರೀತಿಯಿಂದ ಯಾವ ಅಧಿಕಾರಿಯೂ ಹೇಳಲಾರ. ಪ್ರಮಿಳಾಗೆ ಅದು ತಿಳಿಯಲಿಲ್ಲ.

"ಕಾಯ್ದೇಶೀರ ಆಗಬೇಕಲ್ರಿ" ಎಂದಳು.

ತಮ್ಮಣ್ಣ ಠಸ್ಸೆಯನ್ನು ನೋಡಿ ನಿಟ್ಟುಸಿರು ಬಿಟ್ಟ. ಠಸ್ಸೆ ಬಿದ್ದ ಅರ್ಜಿ ಹೆತ್ತ ಕೂಸಿನಂತೆ, ಇಲ್ಲವೆನ್ನಲು ಬರುವುದಿಲ್ಲ. ಅದು ಮೇಲಿನ ಸಾಹೇಬರ ಕಡೆ ಹೋಯಿತು. ಸಾಹೇಬರಿಗೆ ಇಂಥ ಅರ್ಜಿ ಬಂದದ್ದು ಜನ್ಮದಲ್ಲಿ ಮೊದಲ ಸಲ. ಹೆಂಗಸರು ಇಷ್ಟು ಮರ್ಯಾದೆಯಿಂದ ಕೇಳಿರುವಾಗ ನಿಯಮವಿಲ್ಲ ಎಂದರೆ ಕಚೇರಿಯ ಮಾನ ಏನಾಗಬೇಕು? ಕಪಾಟಿನ ಧೂಳು ಕೊಡವಿಸಿ ಹುಡುಕಿಸಿದರು. ನಿಯಮಗಳು ಬೇಕಾದಷ್ಟು ಸಿಕ್ಕವು. ಮಾರುವ ತಿನಿಸು ಮಾಡುವ ಅಡುಗೆಮನೆ, ಸಂಸಾರದ ಅಡುಗೆಮನೆ ಆಗಿರಕೂಡದು. ಅಲ್ಲಿ ಯಾರೂ ಮಲಗಕೂಡದು. ಗೋಡೆಗೆ ತೊಳೆಯಲು ಬರುವ ಬಿಳಿ ಫರಶಿಕಲ್ಲು ಇರಬೇಕು. ಮಾಡುವವರಿಗೆ ಅಂಟುರೋಗವಿಲ್ಲ ಎಂದು ಡಾಕ್ಟರು ಬರೆದುಕೊಡಬೇಕು.

ಪ್ರಮಿಳಾ ಇದನ್ನೆಲ್ಲ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದಳು. ಅವಳ ದನಿಯಲ್ಲಿ ಒಂದು ಬಗೆಯ ಸಂತೋಷವಿತ್ತು. ಕೇಳಿದವರ ಮುಖದಲ್ಲಿ ಇರಲಿಲ್ಲ.

"ಕುಂದಾ ಕುದಿಸಾಕ ನನ್ನ ಎದಿ ಫೋಟೋ ಯಾಕ ಬೇಕವಾ?" ಎಂದಳು ರಾಧಾಬಾಯಿ. ಕಡೆಯ ಹೆರಿಗೆಯ ನಂತರ ಅವಳು ದವಾಖಾನೆಯ ಮೆಟ್ಟಿಲು ಹತ್ತಿದವಳಲ್ಲ.

ಗೌರವ್ವ ಮೆಲ್ಲಗೆ ಕೇಳಿದಳು, "ಅಡಗಿಮನ್ಯಾಗ ನಮ್ಮ ಅತ್ತಿ ಮಲಗತಾರು. ಅವರನ್ನ ಎಲ್ಲಿ ಇಡ್ಲಿ?"

ಆದರೂ ಹೆಂಗಸರು ಡಾಕ್ಟರ ಹತ್ತಿರ ಹೋದರು, ಫರಶಿಯ ಬದಲು ಗೋಡೆಗೆ ಬಿಳಿ ಸುಣ್ಣ ಹೊಡೆಸಿದರು. ಗೌರವ್ವನ ಅತ್ತೆಯನ್ನು ಮಗಳ ಮನೆಗೆ ಕಳಿಸಿದರು. ಕಡೆಗೆ ತಪಾಸಣೆಯ ದಿನ ಬಂತು.

ತಮ್ಮಣ್ಣ ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದ. ಪ್ರಮಿಳಾ ಅವನನ್ನು ಮನೆಯಿಂದ ಮನೆಗೆ ಕರೆದೊಯ್ದಳು. ಬಂದವರಿಗೆ ತಾಟು ಇಡದೆ ಕಳಿಸುವ ಮನೆ ಆ ಓಣಿಯಲ್ಲಿ ಯಾವುದೂ ಇರಲಿಲ್ಲ. ಅವನೂ ನಿಯಮದ ಪ್ರಕಾರ ಚೂರು ರುಚಿ ನೋಡಲೇಬೇಕಾಗಿತ್ತು. ರಾಧಾಬಾಯಿಯ ಮನೆಯಲ್ಲಿ ಕುಂದಾದ ಚೂರು ನೋಡಿದ. ಚೂರು ಚಿಕ್ಕದಾಯಿತೆಂದು ಇನ್ನೊಂದು ಬಟ್ಟಲು ನೋಡಿದ. ಮುಂದಿನ ಮನೆಯಲ್ಲಿ ಥಾಲಿಪೀಠ, ಬೆಣ್ಣೆ. ಅದರಾಚೆ ಕರಂಜಿ, ಚಕಲಿ, ಬಟಾಟಿ ವಡೆ. ಗೋಡೆಗೆ ಫರಶಿ ಇದೆಯೋ ಇಲ್ಲವೋ ಎಂದು ಅವನು ಎಲ್ಲಿಯೂ ನೋಡಲಿಲ್ಲ. ಗೌರವ್ವನ ಮನೆ ಮುಟ್ಟುವ ಹೊತ್ತಿಗೆ ಬೆಲ್ಟ್ ಸಡಿಲಾಗಿತ್ತು. ಅವಳು ಹಂಚಿನಿಂದ ಆಗಷ್ಟೇ ತೆಗೆದ ಶೇಂಗಾ ಹೋಳಿಗೆಯ ಮೇಲೆ ತುಪ್ಪ ಸುರಿದು ಮುಂದಿಟ್ಟಳು.

"ಸಾಕ್ರಿ" ಎಂದ ತಮ್ಮಣ್ಣ. ಆ ಮಾತನ್ನು ಪ್ರತಿ ಹೋಳಿಗೆಗೂ ಒಮ್ಮೆ ಹೇಳುತ್ತ ಹೋದ.

ತಾಟು ಬರಿದಾದ ಮೇಲೆ ಎದ್ದುನಿಂತ. ಎರಡು ಹೆಜ್ಜೆ ಇಟ್ಟ. ಗೌರವ್ವನ ಕಟ್ಟೆಯ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, "ಅವ್ವಾ" ಎಂದ. ರಿಕ್ಷಾ ತರಿಸಿ ಅವನನ್ನು ದವಾಖಾನೆಗೆ ಸಾಗಿಸಬೇಕಾಯಿತು.

ಮರುದಿನ ಮಂಡಳಿಗೆ ಕಾಗದ ಬಂತು. ತಪಾಸಣೆಯ ವೇಳೆ ಅಧಿಕಾರಿ ಅಸ್ವಸ್ಥರಾದ ಕಾರಣ, ಸದರಿ ತಿನಿಸುಗಳ ಬಗ್ಗೆ ಸಂಶಯವಿದ್ದು, ಕಾರಣ ಗೊತ್ತಾಗುವವರೆಗೆ ಮಾರಾಟ ನಿಲ್ಲಿಸತಕ್ಕದ್ದು.

ಗೌರವ್ವ ಬಾಗಿಲು ಹಾಕಿಕೊಂಡು ಅತ್ತಳು. ಅಷ್ಟು ವರ್ಷ ಊರಿಗೆಲ್ಲ ತಿನ್ನಿಸಿದ ಕೈ ಅದು. ಈಗ ಓಣಿಯ ಮಕ್ಕಳೂ, "ಸಾಹೇಬ್ರು ತಿಂದು ಬಿದ್ದ ಹೋಳಗಿ" ಎನ್ನತೊಡಗಿದ್ದವು. ಸುದ್ದಿ ಪ್ರಮಿಳಾಗೂ ಮುಟ್ಟಿತು. ಕಾಯ್ದೆಯನ್ನು ಓಣಿಗೆ ಕರೆತಂದವಳು ಅವಳೇ. ಸಂಜೆ ನೇರವಾಗಿ ತಮ್ಮಣ್ಣನ ಮನೆಗೆ ಹೋದಳು. ಅವನು ಹಾಸಿಗೆಯ ಮೇಲೆ ಮಜ್ಜಿಗೆ ಕುಡಿಯುತ್ತಿದ್ದ.

"ಎಷ್ಟ ತಿಂದ್ರಿ ಅಂತ ಖರೇ ಬರದ ಕೊಡ್ರಿ. ಗೌರವ್ವನ ಹೆಸರು ಹಾಳಾಗಾಕ ಹತ್ತೇತಿ."

"ಬರದ್ರ ನನ್ನ ನೌಕರಿ ಹೋಗತೈತ್ರಿ ಅಕ್ಕಾರ. ರುಚಿ ನೋಡ್ರಿ ಅಂತ ಕಾಯ್ದೆದಾಗ ಐತಿ. ಊಟಾ ಮಾಡ್ರಿ ಅಂತ ಇಲ್ಲ."

"ಹಂಗಂದ್ರ ಆಕಿ ಹೋಳಗಿ ವಿಷ ಅಂತ ಊರೆಲ್ಲ ತಿಳಕೊಳ್ಳಿ ಅಂತೀರೇನು?"

ತಮ್ಮಣ್ಣ ಮಜ್ಜಿಗೆಯ ಲೋಟ ಕೆಳಗಿಟ್ಟ. ಅವನ ಕಣ್ಣು ಒದ್ದೆಯಾದಂತಿತ್ತು. "ಅಂಥಾ ಹೋಳಗಿ ನಮ್ಮವ್ವ ಹೋದ ಮ್ಯಾಲೆ ನಾ ತಿಂದಿಲ್ರಿ. ಅದಕ್ಕ ಹಿಂಗಾತು" ಎಂದ. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಒಂದ ಮಾತ ಹೇಳತೀನಿ. ನಮ್ಮ ಸಾಹೇಬ್ರ ಅಧಿಕಾರ ಊರ ಹದ್ದಿಗೆ ಮುಗೀತೈತಿ. ದೇಸೂರ ದಾಟಿ ಮಾರ್ರಿ. ಅಲ್ಲೆ ಹೋಗಿ ಮತ್ತ ಯಾರ್ನೂ ಪರವಾನಗಿ ಕೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೀನಿ."

ಶೌಚಾಲಯ ಖಾನಾಪುರದ್ದು, ಮಾರಾಟವೂ ಅಲ್ಲೇ ಆಗಲಿ ಎಂದಳು ರಾಧಾಬಾಯಿ. ಭಾನುವಾರ ಒಂದು ಟೆಂಪೋದಲ್ಲಿ ಡಬ್ಬಿ, ಬುಟ್ಟಿ, ಹೆಂಗಸರು ಎಲ್ಲ ಹೊರಟರು. ಗೌರವ್ವ ಒಲ್ಲೆನೆಂದಿದ್ದಳು. ಪ್ರಮಿಳಾ ಅವಳ ಮನೆಗೆ ಹೋಗಿ, ತಾನೇ ಕಣಕ ನಾದಿ, ಕೈಹಿಡಿದು ಟೆಂಪೋ ಹತ್ತಿಸಿದಳು.

ಶಾಲೆಯ ಅಂಗಳದಲ್ಲಿ ಮೇಜು ಹಾಕುವಷ್ಟರಲ್ಲಿ ಮುಖ್ಯಗುರು ದಿಗಂಬರ ಮಾಸ್ತರರು ಬಂದರು. ಟೋಪಿ, ಕೋಟು, ಜೇಬಿನಲ್ಲಿ ಎರಡು ಪೆನ್ನು. ಪ್ರಮಿಳಾಗೆ ತನ್ನದೇ ಗಂಡು ರೂಪ ಕಂಡಂತಾಯಿತು.

"ಬಾಯಾರ, ಪರವಾನಗಿ ಅದ ಏನ್ರಿ?"

ಹೆಂಗಸರೆಲ್ಲ ಪ್ರಮಿಳಾಳ ಮುಖ ನೋಡಿದರು. ಅವಳು ಸೆರಗು ಸರಿಮಾಡಿಕೊಂಡಳು. ಹುಟ್ಟಿದಾಗಿನಿಂದ ಕಂಡಕ್ಟರನಿಗೂ ಸುಳ್ಳು ಹೇಳಿದವಳಲ್ಲ.

"ಅದ ರೀ ಸರ್. ಬೆಳಗಾವಿ ಸಾಹೇಬ್ರು ಸ್ವತಃ ಮನಿಮನಿಗೆ ಬಂದು, ರುಚಿ ನೋಡಿ, ಪೂರಾ ತಪಾಸಣಿ ಮಾಡ್ಯಾರು. ಕಾಗದ ಸೋಮವಾರ ಬರತದ."

ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಖರೆಯೇ ಇತ್ತು. ಮಾಸ್ತರರು ಸಮಾಧಾನದಿಂದ ತಲೆಯಾಡಿಸಿ, ಗೌರವ್ವನ ಮೇಜಿನ ಮುಂದೆ ಹೋಗಿ ನಿಂತರು. ಮಧ್ಯಾಹ್ನದ ಹೊತ್ತಿಗೆ ಹೋಳಿಗೆಯ ಬುಟ್ಟಿಯಲ್ಲಿ ಬಾಳೆಎಲೆ ಮಾತ್ರ ಉಳಿದಿತ್ತು. ಗೌರವ್ವ ಎಲೆ ಮಡಚುತ್ತ ಬಹಳ ದಿನಗಳ ಮೇಲೆ ನಕ್ಕಳು. ಪ್ರಮಿಳಾಗೆ ಸುಳ್ಳು ಹೇಳಿದ ಪಶ್ಚಾತ್ತಾಪ ಬರಲಿಲ್ಲ. ಬರಬೇಕೆಂದು ಸ್ವಲ್ಪ ಹೊತ್ತು ಕಾದು ನೋಡಿದಳು.

ಮಳೆಗಾಲಕ್ಕೆ ಮೊದಲು ಶೌಚಾಲಯ ಎದ್ದಿತು. ಶಾಲೆ ಶುರುವಾದ ಮೇಲೆ ಪ್ರಮಿಳಾ, ರಾಧಾಬಾಯಿ ಇಬ್ಬರೂ ಅದನ್ನು ನೋಡಲು ಬಸ್ಸಿನಲ್ಲಿ ಹೋದರು. ಗುಲಾಬಿ ಬಣ್ಣ ಬಳಿದು ಚೆಂದವಾಗಿತ್ತು. ಬಾಗಿಲಿಗೆ ಬೀಗ. ಸುರಿಯುವ ಮಳೆಯಲ್ಲಿ ಹುಡುಗಿಯರು ತಲೆಯ ಮೇಲೆ ಗೋಣಿಚೀಲ ಹೊದ್ದು ಹಿಂದಿನ ಹೊಲದ ಕಡೆ ಓಡುತ್ತಿದ್ದರು.

"ಉದ್ಘಾಟನೆಗೆ ದೊಡ್ಡವರ ತಾರೀಖು ಸಿಕ್ಕಿಲ್ರಿ" ಎಂದರು ದಿಗಂಬರ ಮಾಸ್ತರರು. "ಅಪ್ಪಣಿ ಇಲ್ದ ನಾ ಹೆಂಗ ತಗೀಲಿ? ನೀವ ಒಂದು ಅರ್ಜಿ ಕೊಟ್ರ ಮ್ಯಾಲೆ ಕಳಸತೀನಿ."

ಅವರು ಕಾಗದ ತರಲು ಒಳಗೆ ಹೋದರು. ಕಟ್ಟಡದ ಕೆಲಸದಲ್ಲಿ ಉಳಿದಿದ್ದ ಕಲ್ಲುಗಳು ಗೋಡೆಯ ಬದಿಗೆ ಬಿದ್ದಿದ್ದವು. ಪ್ರಮಿಳಾ ತನ್ನ ಪರ್ಸನ್ನು ರಾಧಾಬಾಯಿಯ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿ, ಒಂದು ಕಲ್ಲು ಎತ್ತಿಕೊಂಡಳು. ಬೀಗ ಅಗ್ಗದ್ದು. ಮೂರನೆಯ ಏಟಿಗೆ ಬಾಯಿಬಿಟ್ಟಿತು.

ಮಾಸ್ತರರು ಓಡಿಬಂದರು. "ಬಾಯಾರ, ಇದೇನ ಮಾಡಿದ್ರಿ!"

"ಉದ್ಘಾಟನಾ" ಎಂದಳು ಪ್ರಮಿಳಾ.

ಒಳಗೆ ನೋಡಿದರೆ ನೀರಿನ ಟಾಕಿಯಲ್ಲಿ ಒಂದು ತೊಟ್ಟೂ ಇರಲಿಲ್ಲ. ನಳ ಕೂಡಿಸುವುದು ಇನ್ನೊಂದು ಕಚೇರಿಯ ಕೆಲಸವಂತೆ. ರಾಧಾಬಾಯಿ ಆ ಕಚೇರಿಗೂ ಈ ಕಚೇರಿಗೂ ಸೇರಿಸಿ ಮರಾಠಿಯಲ್ಲಿ ಒಂದು ಬೈಗುಳ ಬೈದು, ಕಚ್ಚೆ ಬಿಗಿದು, ಬೋರಿನ ಹತ್ತಿರ ಹೋಗಿ ಕೊಡ ತುಂಬಿದಳು. ಹುಡುಗಿಯರು ನಗುತ್ತ ಸಾಲುಗಟ್ಟಿದರು. ಕೊಡಗಳು ಕೈಯಿಂದ ಕೈಗೆ ಬಂದವು. ಕಡೆಗೆ ಮಾಸ್ತರರೂ ಕೋಟು ಕಳಚಿ ಶಾಲೆಯ ಕಿಟಕಿಯ ಜಾಲರಿಗೆ ನೇತುಹಾಕಿ, ಸಾಲಿನ ತುದಿಗೆ ಬಂದು ನಿಂತರು.