ಕಾಶೆವ್ವನ ಹಣೆಯ ಗಾಯ

ಮಹೇಶ ಬೀಸಿದ ಸಲಿಕೆ ಬೈಕಿನ ದೀಪಕ್ಕೆ ಬಿದ್ದು ಗಾಜು ಅಂಗಳದ ತುಂಬ ಚೆಲ್ಲಿತು. ಎರಡನೆಯ ಏಟು ಪೆಟ್ರೋಲ್ ಟಾಕಿಗೆ. ಮೂರನೆಯದು ಬೈಕಿನ ಮೇಲೆ ಕೂತಿದ್ದವನ ಮೊಣಕಾಲಿಗೆ ಬೀಳಬೇಕಿತ್ತು. ಅವನು ಹಾರಿ ತಪ್ಪಿಸಿಕೊಂಡ. ಅವನ ಕೈಯಲ್ಲಿದ್ದ ಚೆಂಡುಹೂವಿನ ದೊಡ್ಡ ಹಾರ ಬಚ್ಚಲ ನೀರಿಗೆ ಬಿತ್ತು.

“ನಂದೇನ್ ತಪ್ಪೈತ್ರಿ? ಮಾಲಕ್ರು ಕೊಟ್ಟ್ ಕಳಿಸ್ಯಾರ, ತಂದೇನಿ” ಎಂದ ಅವನು. ಹೊಳೆಯ ಉಸುಕು ಎತ್ತುವ ಗುತ್ತಿಗೆದಾರನ ಕಾರಕೂನ ಅವನು.

“ಕೊಂದವರಽ ಹಾರಾ ಕಳಸ್ತಾರೇನಲೇ? ಹೋಗಿ ಹೇಳ್ ನಿಮ್ಮ ಮಾಲಕಗ. ಹೊತ್ತು ಮುಳುಗೂದ್ರಾಗ ಅವನ ಗಾಡಿ ಒಂದೂ ಉಳಿಯೂದಿಲ್ಲ.”

ಕಾರಕೂನ ಬೈಕು ಬಿಟ್ಟೇ ಓಡಿದ. ಓಣಿಯ ತುದಿಯಲ್ಲಿ ನಿಂತಿದ್ದ ಪೊಲೀಸ್ ವ್ಯಾನಿನಿಂದ ಫೌಜದಾರ ಇಳಿದು ಎರಡು ಹೆಜ್ಜೆ ಬಂದ. ಅಂಗಳದಲ್ಲಿ ನೆರೆದಿದ್ದವರ ಮುಖ ನೋಡಿ ಅಲ್ಲೇ ನಿಂತ.

ಒಳಗೆ ಪಡಸಾಲೆಯಲ್ಲಿ ಕಾಶೆವ್ವನನ್ನು ಗೋಡೆಗೆ ಒರಗಿಸಿ ಕೂಡಿಸಿದ್ದರು. ಒಂಬತ್ತು ದಿನಗಳ ಹಿಂದೆ, ಬೆಳಗಿನ ಜಾವ ಉಸುಕಿನ ಗಾಡಿಗೆ ಅಡ್ಡ ನಿಂತಾಗ ಗುತ್ತಿಗೆದಾರನ ಇಬ್ಬರು ಆಳುಗಳು ಅವಳ ಬೆನ್ನಿಗೂ ತಲೆಯ ಹಿಂಬದಿಗೂ ಹಾರೆಯಿಂದ ಹೊಡೆದಿದ್ದರು. ಬೆಳಗಾವಿಯ ದವಾಖಾನೆಯಲ್ಲಿ ಎಂಟು ದಿನ ಬದುಕಿದಳು. ಹೊಡೆದವರು ಜೇಲಿನಲ್ಲಿದ್ದರು, ಹೊಡೆಸಿದವನು ಹೊರಗಿದ್ದ. ಈಗ ಜಿನ್ನವ್ವ ಒದ್ದೆ ಅರಿವೆಯಿಂದ ಗೆಳತಿಯ ಮುಖ ಒರೆಸುತ್ತಿದ್ದಳು. ಮೂಗಿನಿಂದ ಮತ್ತೆ ಮತ್ತೆ ಸಣ್ಣಗೆ ರಕ್ತ ಬರುತ್ತಿತ್ತು. ಒರೆಸುವುದು, ಅರಿವೆ ಹಿಂಡುವುದು, ಮತ್ತೆ ಒರೆಸುವುದು.

“ಕಾಕು, ವಿಭೂತಿ ಹಚ್ಚೂ ಮುಂದ ಹಣಿಮ್ಯಾಗಿನ ಆ ಗಾಯಾ ಮುಚ್ಚಬ್ಯಾಡ್ರಿ” ಎಂದ ಮಹೇಶ ಬಾಗಿಲಲ್ಲಿ ನಿಂತು. ಅವನು ಕಾಶೆವ್ವನ ತಮ್ಮನ ಮಗ. ಮಸಗುಪ್ಪಿಯಿಂದ ಬಂದು ಇಲ್ಲೇ ಪಂಪ್‌ಸೆಟ್ ದುರಸ್ತಿ ಮಾಡಿಕೊಂಡಿದ್ದ. “ಮೂರ ವರ್ಷದ ಹಿಂದ ಅವ್ರು ಹೊಡದದ್ದೂ ಮಂದೀಗೆ ಕಾಣ್ಲಿ.”

ಎಡ ಹುಬ್ಬಿನಿಂದ ಕೂದಲಿನ ತನಕ ಬೆರಳಗಲದ ಗಾಯದ ಕಲೆ. ಜಿನ್ನವ್ವನ ಕೈ ಅದರ ಮೇಲೆ ಒಂದು ಗಳಿಗೆ ನಿಂತಿತು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಹೊರಗೆ ಹೋಗಿ, ಹುಡುಗರಿಗೆ ಡೀಸೆಲ್ ಡಬ್ಬಿ ತರಲು ಹೇಳುತ್ತಿದ್ದ.

*

ಕಾಶೆವ್ವ ಹದಿನೈದರ ವಯಸ್ಸಿಗೆ ಘೋಡಗೇರಿಗೆ ಸೊಸೆಯಾಗಿ ಬಂದವಳು. ಗಂಡ ಕುಡಿದು ಬಡಿಯುತ್ತಿದ್ದ. ಏಳು ವರ್ಷ ಬಡಿಸಿಕೊಂಡು, ಒಂದು ಮಧ್ಯಾಹ್ನ ಒನಕೆಯಿಂದ ಅವನ ಬಲಗೈ ಮುರಿದಳು. ಆಮೇಲೆ ತಾನೇ ಚಕ್ಕಡಿ ಹೂಡಿ ಗೋಕಾಕದ ದವಾಖಾನೆಗೆ ಒಯ್ದು, ಕೈ ಕೂಡುವ ತನಕ ತಾನೇ ಉಣಿಸಿದಳು. ಅವನು ಮತ್ತೆ ಕೈ ಎತ್ತಲಿಲ್ಲ.

ಅವನು ತೀರಿಕೊಂಡ ಮೇಲೆ ಉಳಿದದ್ದು ಹೊಳೆದಂಡೆಯ ಒಂದೂವರೆ ಎಕರೆ, ಒಂದು ಬಾವಿ. ಮಕ್ಕಳಾಗಿರಲಿಲ್ಲ. ಬದನೆ, ಹೀರೆ ಬೆಳೆದು ಬುಟ್ಟಿ ಹೊತ್ತು ಸಂತೆಗೆ ಹೋಗುವಳು. ಬೇಸಿಗೆಯಲ್ಲಿ ಘಟಪ್ರಭಾ ಹೊಳೆ ಬತ್ತಿ ಉಸುಕಿನ ದಿಬ್ಬಗಳು ಎದ್ದಾಗ ಅಲ್ಲಿ ಸವತೆ ಬಳ್ಳಿ ಹಬ್ಬಿಸುವಳು. ಆ ದಿನಗಳಲ್ಲೇ ಹೊಳೆಹಕ್ಕಿಗಳು ಬರಿಯ ಉಸುಕಿನ ಮೇಲೆ, ಗೂಡೂ ಇಲ್ಲದೆ ತತ್ತಿ ಇಡುತ್ತಿದ್ದವು. ಅವಳು ಸುತ್ತ ಕಲ್ಲು ಇಟ್ಟು ಗುರುತು ಮಾಡಿ, ಆ ಜಾಗ ಬಿಟ್ಟು ನೀರು ಹೊರುತ್ತಿದ್ದಳು. ಯಾರಾದರೂ ಕೇಳಿದರೆ, “ಅವೂ ಬಾಣಂತಿ ಅದಾವ, ಕಾಲ್ ಕೆಳಗ ಸಿಗಬಾರದು” ಎನ್ನುವಳು.

ಉಸುಕು ಎತ್ತುವುದನ್ನು ತಡೆಯುವ ಬಳಗ ಶುರುವಾದದ್ದು ಅವಳಿಂದಲ್ಲ, ಜಿನ್ನವ್ವನಿಂದ. ಜಿನ್ನವ್ವ ಜೈನರ ಓಣಿಯ ಕಿರಾಣಿ ಅಂಗಡಿಯಾಕೆ. ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವ ಮನೆತನ. ಮಾಳಿಗೆ ಕಟ್ಟಿಸಲು ತರಿಸಿದ ಉಸುಕು ಜರಡಿ ಹಿಡಿಯುವಾಗ ಒಡೆದ ತತ್ತಿಗಳು ಸಿಕ್ಕವು. ಒಂದರೊಳಗೆ ಕಣ್ಣು ಬಿಡದ ಮರಿ ಇತ್ತು. ಅವತ್ತೇ ಅವಳು ಉಸುಕು ವಾಪಸ್ ಕಳಿಸಿ, ಕಟ್ಟಡ ಅರ್ಧಕ್ಕೆ ನಿಲ್ಲಿಸಿ, ಇದು ಎಲ್ಲಿಂದ ಬಂತೆಂದು ಕೇಳುತ್ತ ಕಾಶೆವ್ವನ ಹೊಲಕ್ಕೆ ಬಂದಳು. ಅಷ್ಟೊತ್ತಿಗೆ ಕಾಶೆವ್ವನ ಬಾವಿಯ ನೀರು ಹತ್ತು ಮೊಳ ಇಳಿದಿತ್ತು, ದಂಡೆಯ ಎರಡು ಜಾಲಿ ಮರ ಹೊಳೆಗೆ ಉರುಳಿದ್ದವು.

ಹನ್ನೊಂದು ಮಂದಿ ಸೇರಿದರು. ಹೊಳೆದಂಡಿ ಬಳಗ ಎಂದು ಹೆಸರಿಟ್ಟುಕೊಂಡರು. ಪಾಳಿ ಹಚ್ಚಿ ದಂಡೆ ಕಾದರು. ಹುಕ್ಕೇರಿಯ ತಾಲೂಕು ಕಚೇರಿಗೆ ಅರ್ಜಿ ಹೊತ್ತು ನಾಲ್ಕು ಸಲ ಹೋದರು. ಐದನೆಯ ಸಲ ಹೋಗುವ ಬದಲು ಉಸುಕಿನ ಗಾಡಿಗಳು ಹೊಳೆಗೆ ಇಳಿಯುವ ಇಳಿಜಾರಿನಲ್ಲಿ ಸಾಲಾಗಿ ಕೂತರು. ಟಿಪ್ಪರ್ ನಿಲ್ಲಲಿಲ್ಲ. ಹತ್ತು ಮಂದಿ ಎದ್ದು ಓಡಿದರು. ಮಹೇಶ ಏಳುವುದು ತಡವಾಯಿತು. ಗಾಲಿ ಅವನ ಎಡಪಾದದ ಮೇಲೆ ಹಾದು ಎರಡು ಬೆರಳು ಹೋದವು.

ಅವನು ಇನ್ನೂ ಗೋಕಾಕದ ದವಾಖಾನೆಯಲ್ಲಿ ಮಲಗಿದ್ದಾಗ, ಅದೇ ವಾರ, ಅದೇ ಇಳಿಜಾರಿನಲ್ಲಿ ಉಸುಕು ತುಂಬಿದ ಟಿಪ್ಪರೊಂದು ಉರುಳಿಬಿತ್ತು. ಮೇಲೆ ಕೂತಿದ್ದ ಹಮಾಲ ಬೀರಸಿದ್ದಪ್ಪ ಅಡಿಗೆ ಸಿಕ್ಕು ಸತ್ತ. ಲೈಸೆನ್ಸ್ ಇಲ್ಲದ ಡ್ರೈವರ್ ಎದ್ದು ಓಡಿದವನು ಈ ಸೀಮೆಗೆ ಮತ್ತೆ ಬರಲಿಲ್ಲ. ಪೊಲೀಸರು ಬ್ರೇಕ್ ಫೇಲ್ ಎಂದು ಬರೆದರು. ಗುತ್ತಿಗೆದಾರನಿಗೂ ಅದೇ ಬೇಕಾಗಿತ್ತು.

*

ಮಧ್ಯಾಹ್ನ ಎರಡಕ್ಕೆ ಕಾಶೆವ್ವನನ್ನು ಬಾಳೆಕಂಬ ಕಟ್ಟಿದ ವಿಮಾನದಲ್ಲಿ ಕೂಡಿಸಿ ಎತ್ತಿದರು. ಭಜನೆಯವರು ಮುಂದೆ. ಹಿಂದೆ ಸುತ್ತಲ ಊರುಗಳಿಂದ ಬಂದ ನೂರಾರು ಮಂದಿ; ಬಹಳಷ್ಟು ಪಡ್ಡೆ ಹುಡುಗರು, ಕೈಯಲ್ಲಿ ಬಡಿಗೆ, ಹಾರೆ. ಅವಳ ಹಣೆಯ ಗಾಯದ ಫೋಟೋ ಮೂರು ವರ್ಷದ ಹಿಂದೆ ಪೇಪರಿನಲ್ಲಿ ಬಂದ ಮೇಲೆಯೇ ಬಳಗಕ್ಕೆ ಇಷ್ಟು ಮಂದಿ ಕೂಡಿದ್ದು. ಹೊಲದ ಬದುವಿನಲ್ಲಿ ಬಿದ್ದೆ ಎಂದು ಕಾಶೆವ್ವ ಹೇಳಿದ್ದಳು. ಯಾರೂ ನಂಬಿರಲಿಲ್ಲ.

ಸ್ಮಶಾನ ಹೊಳೆದಂಡೆಯ ಮೇಲೇ ಇತ್ತು. ವಿಮಾನ ಇಳಿಸಿದ ಕೂಡಲೆ ಮಹೇಶ ಕಲ್ಲಿನ ಮೇಲೆ ಹತ್ತಿದ.

“ಅಯ್ಯನವರು ಕ್ರಿಯಾ ಮಾಡ್ಲಿ. ಅದು ಮುಗಿಯೂ ತನಕಾ ನಾವ್ ಸುಮ್ನ ನಿಂದ್ರೂದಿಲ್ಲ. ಅಲ್ಲಿ ಆಚಿಕಡೆ ಅವನ ನಾಕ್ ಗಾಡಿ ಅದಾವ, ಹಮಾಲರ ಗುಡಸಲಾ ಅದಾವ. ಈ ಹಣಿ ನೋಡ್ರಿ! ಮೊದಲ ಇಲ್ಲಿ ಹೊಡದ್ರು, ನಾವ್ ಅರ್ಜಿ ಬರದ್ವಿ. ಈಗ ಕೊಂದಾರ. ಈಗೂ ಅರ್ಜಿ ಬರಿಯೂಣೇನು?”

ಗದ್ದಲ ಎದ್ದಿತು. ಆರೇಳು ಹುಡುಗರು ಆಗಲೇ ದಂಡೆ ಹಿಡಿದು ಓಡಿದರು. ಆಗ ಮಂದಿಯನ್ನು ಸೀಳಿಕೊಂಡು ಒಬ್ಬ ಹೆಂಗಸು ಬಂದಳು, ಹಿಂದೆ ಇಪ್ಪತ್ತೈದರ ಗಂಡಾಳು. ಬೀರಸಿದ್ದಪ್ಪನ ಹೆಂಡತಿ ಹಣಮವ್ವ ಮತ್ತು ಮಗ ಲಕ್ಕಪ್ಪ. ತಂದೆ ಸತ್ತ ಮೇಲೂ ಲಕ್ಕಪ್ಪ ಅದೇ ಗುತ್ತಿಗೆದಾರನ ಗಾಡಿಗೆ ಉಸುಕು ತುಂಬುತ್ತಿದ್ದ.

ಮಹೇಶ ಕಲ್ಲಿನಿಂದ ಜಿಗಿದು ಅವನ ಅಂಗಿ ಹಿಡಿದ. “ಅವತ್ತ್ ನೀ ಅಲ್ಲಿದ್ದಿ. ಹೌದಿಲ್ಲೋ?”

“ಇದ್ನಿ. ಕಾಶೆವ್ವಾಯಿನ್ನ ಹೊತ್ಕೊಂಡ್ ರೋಡಿಗೆ ತಂದಾಂವ ನಾನಽ.”

“ಅವ್ರು ಹೊಡಿಯೂ ಮುಂದ ಏನ್ ಮಾಡಾಕತ್ತಿದ್ದಿ?”

ಲಕ್ಕಪ್ಪ ನೆಲ ನೋಡಿದ. “ಉಸುಕ ತುಂಬಾಕತ್ತಿದ್ನಿ.”

ಮಹೇಶನ ಕೈಲಿದ್ದ ಸಲಿಕೆಯ ಕಾವು ಅವನ ಕಿವಿಯ ಮೇಲೆ ಬಿತ್ತು. ಲಕ್ಕಪ್ಪ ಮೊಣಕಾಲೂರಿದ. ಎರಡನೆಯ ಏಟು ಭುಜಕ್ಕೆ. ಅವನು ಕೈ ಅಡ್ಡ ತರಲಿಲ್ಲ. ಕಿವಿ ಹರಿದು ರಕ್ತ ಕುತ್ತಿಗೆಗೆ ಇಳಿಯಿತು. ಹುಡುಗರು “ಹಾಕು, ಇನ್ನೊಂದ್ ಹಾಕು” ಎಂದು ಕೂಗಿದರು. ಹಣಮವ್ವ ಮಗನ ಮೇಲೆ ಬೋರಲಾಗಿ ಬಿದ್ದಳು.

“ಹೊಡೀಬ್ಯಾಡೋ ತಮ್ಮಾ! ಆ ಹಣಿ ತೋರಿಸಿ ಹೊಡೀಬ್ಯಾಡ. ಆ ಗಾಯಾ ಅವ್ರು ಮಾಡಿದ್ದಲ್ಲ. ನಂದದು. ನಾ ಹೊಡದದ್ದು.”

*

ಬೀರಸಿದ್ದಪ್ಪ ಸತ್ತ ಐದನೆಯ ದಿನ ಹಣಮವ್ವ ಗುಡಿಸಲ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕಾಶೆವ್ವ ಒಬ್ಬಳೇ ಬಂದು ಎದುರಿಗೆ ಕೂತಳು. ಮರುಗಲು ಬಂದಿದ್ದಾಳೆ ಅಂದುಕೊಂಡಳು ಹಣಮವ್ವ.

“ನಿನ್ನ ಗಂಡ ಬ್ರೇಕ್ ಫೇಲಾಗಿ ಸತ್ತಿಲ್ಲ” ಎಂದಳು ಕಾಶೆವ್ವ. “ಡ್ರೈವರನ ಕಣ್ಣಿಗೆ ಖಾರಪುಡಿ ಒಗದಾಕಿ ನಾನು. ಗಾಡಿ ನಿಂತೀತು ಅಂದ್ಕೊಂಡಿದ್ನಿ. ಮ್ಯಾಲ ಮನಶ್ಯಾ ಅದಾನ ಅಂತ ನೋಡಿದ್ದಿಲ್ಲ.”

ಹಣಮವ್ವ ಹಿಟ್ಟಿನ ಕೈಯಲ್ಲೇ ಒಲೆಯಿಂದ ಉರಿಯುವ ಕೊರಡು ಎಳೆದಳು. ಒಂದೇ ಏಟಿಗೆ ಹಣೆ ಒಡೆಯಿತು, ಕೂದಲು ಸುಟ್ಟ ವಾಸನೆ ಬಂತು. ಕಾಶೆವ್ವ ಪಕ್ಕಕ್ಕೆ ಉರುಳಿದಳು. ನೆಲಕ್ಕೆ ಕೈಯೂರಿ ಎದ್ದು ಮತ್ತೆ ಮೊದಲಿನ ಹಾಗೆಯೇ ಕೂತಳು. ಕಣ್ಣಿಗೆ ಇಳಿದ ರಕ್ತ ಒರೆಸಿಕೊಳ್ಳಲಿಲ್ಲ.

ಕೊರಡು ಹಣಮವ್ವನ ತಲೆಯ ಮೇಲೆ ಎತ್ತಿದಂತೆಯೇ ಇತ್ತು. ಕೆಂಡ ಅವಳ ಹೆಗಲ ಮೇಲೇ ಉದುರಿದಾಗ ಕೊರಡು ಬಿಟ್ಟು ಗೋಳೋ ಎಂದು ಅತ್ತಳು. ಎಷ್ಟೋ ಹೊತ್ತಿನ ಮೇಲೆ ತನ್ನ ಹಳೆಯ ಸೀರೆ ಹರಿದು ಆ ಹಣೆಗೆ ಕಟ್ಟಿದವಳೂ ಅವಳೇ.

“ಪೊಲೀಸ್ರ ಕಡೆ ಹೋಗೂಣ ನಡಿ. ಹೇಳ್ತೇನಿ” ಎಂದಳು ಕಾಶೆವ್ವ.

“ನೀ ಜೇಲಿಗೆ ಹೋಗಿ ಕುಂತ್ರ ನನಗೇನ್ ಬಂತು? ಅರ್ಧಾ ಎಕ್ರೆ ಹೊಲಾ ಐತಿ. ಅದನ್ನ ಯಾರ್ ಹಸನ ಮಾಡವ್ರು?”

ಆಮೇಲೆ ಮೂರು ವರ್ಷ, ಪ್ರತಿ ಬುಧವಾರ, ಕಾಶೆವ್ವ ಆ ಹೊಲಕ್ಕೆ ಬಂದಳು. ಕಳೆ ತೆಗೆದಳು, ಬಿತ್ತಿದಳು, ಕೊಯ್ದಳು. ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಂಡರು. ಉಂಡಾದ ಮೇಲೆ ಜಗಳ.

“ಉಸುಕ ನಿಲ್ಲಿಸಿದ್ರ ನನ್ನ ಮಗಾ ಏನ್ ತಿನ್ನಬೇಕು?”

“ನಿಲ್ಲಿಸೂದಽ ಐತಿ. ನಿನ್ನ ಮಗಗ ನನ್ನ ಹೊಲಾ ಮಾಡಂತ ಹೇಳು.”

“ಬಾವ್ಯಾಗ ನೀರಿಲ್ಲದ ಹೊಲಾ ತುಗೊಂಡ್ ಏನ್ ಮಾಡ್ತಾನ?”

“ಯಾಕ್ ನೀರಿಲ್ಲ, ಕೇಳ್ ಅವಗ!”

ಯಾರೂ ಸೋಲುತ್ತಿರಲಿಲ್ಲ. ಮುಂದಿನ ಬುಧವಾರ ಮತ್ತೆ ಬರುವಳು.

*

ಹಣಮವ್ವ ಹೇಳಿ ಮುಗಿಸಿದಾಗ ಭಜನೆ ನಿಂತಿತ್ತು. ಮಹೇಶ ಜಿನ್ನವ್ವನ ಕಡೆ ತಿರುಗಿದ.

“ಕಾಕು, ಇದು ಖರೇನೇನ್ರಿ? ನಮ್ಮತ್ತಿ ಒಂದ್ ಜೀವಾ ತಗದಿದ್ಲೇನ್ರಿ?”

ಜಿನ್ನವ್ವ ಸೆರಗು ಸರಿ ಮಾಡಿಕೊಂಡಳು. “ಖರೇ ಐತಿ. ಆಕಿ ಒಬ್ಬಾಕೀನಽ ಅಲ್ಲ. ಆ ಖಾರಪುಡಿ ನನ್ನ ಅಂಗಡೀದು. ಎರಡ ಸೇರ ನಾನಽ ಕಟ್ಟಿ ಕೊಟ್ಟಿದ್ನಿ. ನಿನ್ನ ಕಾಲ್ ನೋಡಿ ಬಂದಿದ್ನಿ, ಸಿಟ್ಟಿತ್ತು. ಅವತ್ತಿಂದ ಬಸದಿಗಿ ಹೋದ್ರೂ ಹೊರಗಽ ನಿಂತ್ ಕೈ ಮುಗದ್ ಬರ್ತೇನಿ.”

“ಮತ್ತ ಮೂರ ವರ್ಷ ನನಗ ಒಂದ್ ಮಾತ್ ಹೇಳಲಿಲ್ಲ?”

“ಹೇಳಿದ್ರ ಬಳಗಾ ಉಳೀತಿತ್ತೇನಪ್ಪಾ?”

ಅವನ ಮುಖ ಕೆಂಪಾಯಿತು. ಜಿನ್ನವ್ವನನ್ನೂ ಹೊಡೆಯುತ್ತಾನೇನೋ ಎಂದು ಇಬ್ಬರು ಮುಂದೆ ಬಂದರು. ಅವನು ಸಲಿಕೆ ಎತ್ತಿ ಹೊಳೆಯ ಕಡೆಗೆ ಎಸೆದ. ಬಂದು ವಿಮಾನದ ಮುಂದೆ ಕೂತ. “ಅತ್ತಿ” ಎಂದ.

ಆಗಲೇ ಆಚೆ ಗಾಡಿಗಳಿದ್ದ ಕಡೆ ಧಡ್ ಎಂದು ಏನೋ ಸಿಡಿಯಿತು. ಕಪ್ಪು ಹೊಗೆ ಎದ್ದು ಟೈರು ಸುಡುವ ವಾಸನೆ ಬಂತು. ಮೊದಲೇ ಓಡಿದ್ದ ಹುಡುಗರು ಒಂದು ಟಿಪ್ಪರಿಗೆ ಬೆಂಕಿ ಹಚ್ಚಿದ್ದರು. ಪೊಲೀಸ್ ವ್ಯಾನು ಕೂಗುತ್ತ ಅತ್ತ ಹೋಯಿತು. ಹಣಮವ್ವ ಎದ್ದು ನಿಂತು ಕಣ್ಣಿಗೆ ಕೈ ಮರೆಮಾಡಿ ನೋಡಿದಳು. ಗುಡಿಸಲುಗಳ ಕಡೆ ಹೊಗೆ ಇರಲಿಲ್ಲ. ಉಳಿದ ಹುಡುಗರಲ್ಲಿ ಕೆಲವರು ಓಡಿದರು, ಕೆಲವರು ಬಡಿಗೆ ಕೆಳಗಿಟ್ಟರು. ಮಹೇಶ ಯಾರನ್ನೂ ಕರೆಯಲಿಲ್ಲ, ಯಾರನ್ನೂ ತಡೆಯಲಿಲ್ಲ.

“ಹೊತ್ತಾತು. ಕುಣಿಗೆ ಇಳಸ್ರಿ” ಎಂದರು ಅಯ್ಯನವರು.

ಇಳಿಸಲು ಆಗಲಿಲ್ಲ. ಹೊಳೆಯ ಬದಿಯಿಂದ ಉಸುಕು ತೆಗೆದು ತೆಗೆದು ದಂಡೆ ಪೊಳ್ಳಾಗಿತ್ತು. ತೋಡಿದ ಕುಣಿಯ ಗೋಡೆ ಕಣ್ಣೆದುರೇ ಸೊರ್ರನೆ ಜಾರಿ ಅರ್ಧ ತುಂಬಿತು. ಎರಡು ಸಲ ತೆಗೆದರು, ಎರಡು ಸಲವೂ ಕುಸಿಯಿತು. ಮೂರನೆಯ ಸಲ ಕೂಡಿಸಲು ಜಾಗ ಆದೊಡನೆ ಮತ್ತೆ ಅಂಚು ಉದುರತೊಡಗಿತು.

ಲಕ್ಕಪ್ಪ ಎದ್ದು ಬಂದ. ಕಿವಿಗೆ ತಾಯಿ ಒತ್ತಿ ಹಿಡಿದಿದ್ದ ಸೆರಗನ್ನು ಬಿಡಿಸಿಕೊಂಡು ಕುಣಿಯೊಳಗೆ ಜಿಗಿದ. ಗೋಡೆಗೆ ಬೆನ್ನು ಕೊಟ್ಟು, ಕಾಲು ಅಗಲಿಸಿ ನಿಂತ. “ದಂಡಿ ಕಡಿಯೂ ಮುಂದ ನಾವ್ ಹಿಂಗಽ ನಿಲ್ತೀವಿ. ಈ ಕಡಿ ನಾ ಹಿಡೀತೇನಿ. ಆ ಕಡಿ ಇನ್ನೊಬ್ಬರು ಬೇಕು.”

ಮಹೇಶ ಎದ್ದ, ಕುಂಟುತ್ತ ಬಂದು ಕುಣಿಗೆ ಇಳಿದು ಎದುರಿನ ಗೋಡೆಗೆ ಬೆನ್ನು ಕೊಟ್ಟ.

ನಾಲ್ಕು ಮಂದಿ ಕಾಶೆವ್ವನನ್ನು ಮೇಲಿನಿಂದ ಇಳಿಸಿದರು. ಅವರಿಬ್ಬರೂ ಬೆನ್ನು ತೆಗೆಯದೆ ಕೈ ಮಾತ್ರ ಚಾಚಿ, ಒಬ್ಬ ತೋಳು ಒಬ್ಬ ಮೊಣಕಾಲು ಹಿಡಿದು, ಅವಳನ್ನು ತಮ್ಮ ನಡುವೆ ಕೂಡಿಸಿದರು. ಅಂಗೈಯಲ್ಲಿ ಲಿಂಗ ಇಟ್ಟದ್ದಾಯಿತು. ವಿಭೂತಿ ಬಿತ್ತು, ಪತ್ರಿ ಬಿತ್ತು. ಅಯ್ಯನವರು ಕೈ ಮಾಡಿದರು. ಮಂದಿ ಹಿಡಿ ಹಿಡಿಯಾಗಿ ಉಸುಕು ಹಾಕತೊಡಗಿದರು.

“ಸಾಕು, ಮ್ಯಾಲ ಬರ್ರಿ ಇಬ್ರೂ” ಎಂದು ಯಾರೋ ಕೂಗಿದರು.

ಉಸುಕು ಕಾಶೆವ್ವನ ಎದೆಯ ತನಕ ಏರಿತ್ತು, ಅವರ ಮೊಣಕಾಲು ದಾಟಿತ್ತು. ಯಾರು ಮೊದಲು ಬೆನ್ನು ತೆಗೆದರೂ ಆ ಬದಿಯ ಗೋಡೆ ಅವಳ ಮುಖದ ಮೇಲೆ ಬೀಳುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಹಾಗೇ ನಿಂತಿದ್ದರು.