ಎರಡು ವಾಷರುಗಳ ಉಪಚಾರ

ಮಾತಾಡುವವರನ್ನು ನಡುವೆ ತಡೆಯುವುದೆಂದರೆ ವೇದಾವತಿಗೆ ಮೈಯೆಲ್ಲ ಬೆವರು. ಬಸ್ಸಿನ ಕಂಡಕ್ಟರು ಡ್ರೈವರನ ಜೊತೆ ಹರಟೆಯಲ್ಲಿದ್ದಾನೆಂದು ಬಾಯಿಬಿಡದೆ ಕೂತು, ಇಳಿಯುವ ಜಾಗ ದಾಟಿ ಹೋಗಿ, ಬಿಸಿಲಲ್ಲಿ ನಡೆದು ವಾಪಸು ಬಂದವಳು ಅವಳು. ಅಂಥವಳು ಇವತ್ತು ಓಡುವ ಯಂತ್ರವನ್ನೇ ತಡೆಯಬೇಕಿತ್ತು.

ಅವಳಿದ್ದ ನಾಸಿಕದ ಪಂಪು ಕಾರ್ಖಾನೆಗೆ ಕಂಪ್ಯೂಟರು ಬಂದು ಇನ್ನೂ ವರ್ಷವಾಗಿರಲಿಲ್ಲ. ಔರಂಗಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿ, ಆ ಯಂತ್ರ ಓದುವ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವ ಕೆಲಸಕ್ಕೆ ಸೇರಿದ ವೇದಾವತಿ ತಾನಾಗಿಯೇ ಕಲಿತು ಒಂದು ಪ್ರೋಗ್ರಾಂ ಬರೆದಿದ್ದಳು. ಗೋದಾಮಿನಲ್ಲಿ ಯಾವ ಬಿಡಿಭಾಗ ಕಡಿಮೆಯಿದೆ ಎಂದು ಅದು ಅಚ್ಚುಹಾಕಿ ಕೊಡಬೇಕು. ಮಧ್ಯಾಹ್ನದೊಳಗೆ ಕೊಟ್ಟರೆ ಅವಳು ಪ್ರೋಗ್ರಾಮರ್. ಇಲ್ಲವಾದರೆ ಮತ್ತೆ ತೂತಿನ ಕೆಲಸ. ಮ್ಯಾನೇಜರ್ ವಿಶ್ವನಾಥಪ್ಪ ಹಾಗೆಂದು ಹೇಳಿ ಹೋಗಿದ್ದರು.

ಯಂತ್ರ ಬೆಳಗಿನಿಂದ ಗುಂಯ್‌ಗುಡುತ್ತಿತ್ತು. ಪ್ರಿಂಟರು ಮಾತ್ರ ಮೌನವ್ರತ ಹಿಡಿದಿತ್ತು.

"ವೇದಾಬಾಯಿ, ಇದು ಲೆಕ್ಕಾ ಮಾಡ್ಲಿಕತ್ತದೋ, ಜಪಾ ಮಾಡ್ಲಿಕತ್ತದೋ?" ಎಂದ ಧಾರವಾಡದ ಆಪರೇಟರ್ ಭುಜಂಗರಾವ್.

"ನಡುವ ನಿಲ್ಲಿಸಿ ನೋಡೋಣೇನ್ರಿ?"

"ಓಡೋ ಮಷೀನ್ ನಿಲ್ಲಿಸಬಾರದು ಅಂತ ಸಾಹೇಬ್ರ ಕಾಯ್ದೆ ಅದ. ಉಣ್ಣೋರನ್ನ ಎಲಿ ಮುಂದಿಂದ ಎಬ್ಬಿಸಿದಂಗ."

"ಎಬ್ಬಸಂಗಿಲ್ರಿ. ಕೈ ಹಿಡಿದು, ಎಲ್ಲಿತನಕಾ ಬಂತು ಅಂತ ಕೇಳಿ ಬಿಡ್ತೀನಿ. ಅಲ್ಲಿಂದನ ಮುಂದ ಉಣ್ಣಲಿ."

ಭುಜಂಗರಾವ್ ನಕ್ಕು, ಕುರ್ಚಿ ಬಿಟ್ಟು ಸರಿದು ನಿಂತ.

ಅವಳು ಗುಂಡಿ ಒತ್ತಿದಳು. ಮಿನುಗುತ್ತಿದ್ದ ದೀಪಗಳು ಗಕ್ಕನೆ ನಿಂತವು. ಪ್ರೋಗ್ರಾಮಿನ ಯಾವ ಸಾಲಿನಲ್ಲಿ ಯಂತ್ರವಿದೆ ಎಂದು, ಉರಿಯುತ್ತಲೇ ನಿಂತ ಆ ದೀಪಗಳೇ ಹೇಳುತ್ತಿದ್ದವು. ಅಂಗೈ ಮೇಲೆ ಬರೆದುಕೊಂಡು ಮತ್ತೆ ಓಡಿಸಿದಳು, ನಿಲ್ಲಿಸಿದಳು. ಅದೇ ಜಾಗ! ಮತ್ತೊಮ್ಮೆ ನಿಲ್ಲಿಸಿದರೂ ಅದರ ಪಕ್ಕದ ಸಾಲೇ. 'ಕೇಳಿದ ಭಾಗ ಖಾಲಿಯಿದ್ದರೆ ಅದರ ಬದಲಿ ಭಾಗ ನೋಡು' ಎಂದು ತಾನೇ ಬರೆದ ಸಾಲುಗಳು.

ಹಾಗಾದರೆ ಯಾವ ಭಾಗ? ನಿಲ್ಲಿಸಿ ದೀಪಗಳಲ್ಲಿ ಅದನ್ನೂ ನೋಡಿದಳು. ಹಿತ್ತಾಳೆ ವಾಷರು. ಓಡಿಸಿ ನಿಲ್ಲಿಸಿದಳು. ತಾಮ್ರದ ವಾಷರು. ಇನ್ನೊಮ್ಮೆ. ಮತ್ತೆ ಹಿತ್ತಾಳೆ.

"ಭುಜಂಗರಾವ್, ಸಿಕ್ತು! ಹಿತ್ತಾಳಿ ಇಲ್ಲಂದ್ರ ತಾಮ್ರ ಕೊಡು, ತಾಮ್ರ ಇಲ್ಲಂದ್ರ ಹಿತ್ತಾಳಿ ಕೊಡು ಅಂತ ಗೋದಾಮಿನವರು ಬರದಾರ. ಇವತ್ತ ಎರಡೂ ಖಾಲಿ."

"ಹಂಗಾರ ಬೀಗರ ಉಪಚಾರ ನಡದದ. ಮೊದಲ ನೀವು ಕೂಡ್ರಿ ಅಂತ ಇವರು, ಛೇ ಛೇ ನೀವು ಅಂತ ಅವರು. ಅನ್ನ ಆರಿ ಕಲ್ಲಾತು."

ಅಷ್ಟರಲ್ಲಿ ಬಾಗಿಲು ತೆರೆದು ವಿಶ್ವನಾಥಪ್ಪ ಬಂದರು. "ಸಾಕು ಬಿಡ್ರೀ, ಮಷೀನನ್ನ ಸಂಬಳದ ವಿಭಾಗಕ್ಕೆ ಕೊಟ್ಬಿಡಿ. ವೇದಾವತಿ, ನೀವು ನಾಳೆಯಿಂದ..."

"ತಡೀರಿ, ಸರ್."

ಹೇಳಿದ್ದು ತಾನೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ವಿಶ್ವನಾಥಪ್ಪ ಬಾಯಿ ತೆರೆದವರು ತೆರೆದಂತೆಯೇ ನಿಂತರು. ಅವಳು ಪಕ್ಕದ ಕೋಣೆಗೆ ಓಡಿದಳು. 'ಬದಲಿಯೂ ಖಾಲಿಯಿದ್ದರೆ, ಎರಡೂ ಇಲ್ಲವೆಂದು ಬರೆದು ಮುಂದೆ ಹೋಗು' ಎಂಬ ಆಜ್ಞೆಯನ್ನು ತಾನೇ ಕಾರ್ಡುಗಳಿಗೆ ಹೊಡೆದಳು. ತಿಂಗಳುಗಟ್ಟಲೆ ತೂತು ಹೊಡೆದ ಬೆರಳುಗಳು ಒಂದು ಕಡೆಯೂ ತಡವರಿಸಲಿಲ್ಲ. ಭುಜಂಗರಾವ್ ಹೊಸ ಕಾರ್ಡುಗಳನ್ನು ಸೇರಿಸಿ ಕಟ್ಟನ್ನು ಮತ್ತೆ ಯಂತ್ರಕ್ಕೆ ತಿನ್ನಿಸಿದ.

ಗುಂಯ್. ಮೂವರೂ ಪ್ರಿಂಟರಿನ ಕಡೆ ತಿರುಗಿದರು.

ಪ್ರಿಂಟರು ಒಮ್ಮೆ ಕೆಮ್ಮಿ, ಆಮೇಲೆ ಕಡಲೆ ಹುರಿದಂತೆ ಚಟಪಟ ಶುರುಮಾಡಿತು. ಕಾಗದ ಮಡಿಕೆ ಮಡಿಕೆಯಾಗಿ ಇಳಿಯಿತು. ಆ ಸದ್ದಿನಲ್ಲಿ ಯಾರಿಗೂ ಮಾತಾಡಲು ಎಡೆಯಿರಲಿಲ್ಲ. ಅದು ನಿಂತ ಮೇಲೆ ವೇದಾವತಿ ಮೆಲ್ಲಗೆ ಕೇಳಿದಳು: "ನಾಳೆಯಿಂದ ಏನಂತಿದ್ರಿ, ಸರ್?"

ವಿಶ್ವನಾಥಪ್ಪ ಕಾಗದದಿಂದ ಕಣ್ಣೆತ್ತಲಿಲ್ಲ. "ನಾಳೆಯಿಂದ ಸಂಬಳದ ಪ್ರೋಗ್ರಾಮನ್ನೂ ನೀವೇ ನೋಡ್ಕೊಳ್ಳಿ. ಅದೂ ಎಲ್ಲೋ ಸಿಕ್ಕಾಕ್ಕೊಳ್ತಾ ಇದೆ."