ತೀರ್ಪು ಕೊಡದ ಅಮರೇಶಪ್ಪ

ಅಮರೇಶಪ್ಪ ಪುಕ್ಕಲು ಮನುಷ್ಯ. ಇದು ಬೆನ್ನ ಹಿಂದೆ ಆಡುವ ಮಾತಲ್ಲ. ಸನತ್‌ನಗರದ ಅವರ ಮನೆಯಲ್ಲೇ ಕುಳಿತು, ಅವರೇ ಕಾಸಿಕೊಟ್ಟ ಚಹಾ ಕುಡಿಯುತ್ತ, ಮುಖಕ್ಕೆ ಮುಖ ಕೊಟ್ಟು ಹೇಳಿದ್ದೇನೆ. ಅವರು ಸಿಟ್ಟಾಗಲಿಲ್ಲ. "ಇರಬಹುದ್ರೀ ಬಾಯಾರ" ಎಂದರು. ಬಸಿಯಲ್ಲಿ ಉಳಿದ ಚಹಾ ಕುಡಿದು ಮುಗಿಸಿ, "ಆದ್ರ, ಇರಲಿಕ್ಕೂ ಇಲ್ಲ" ಎಂದು ಸೇರಿಸಿದರು. ತನ್ನ ಮೇಲೆ ಬಂದ ಆರೋಪದಲ್ಲೂ ಒಂದು ಪಕ್ಷ ಹಿಡಿಯಲಾರದವರನ್ನು ಬೇರೇನೆಂದು ಕರೆಯಬೇಕೋ ನನಗೆ ತಿಳಿಯದು.

ಇಂಥವರ ಕಸುಬು ಹೋಲಿಕೆ ಮಾಡುವುದು. ಮೆಕ್ಕೆಜೋಳದ ಕಟಾವಿಗೆ ಕಂಬೈನ್ ಯಂತ್ರದ ಮುಂಭಾಗಕ್ಕೆ ಬೇರೆಯದೇ ಒಂದು ಹೆಡ್ಡು ಜೋಡಿಸಬೇಕು: ಸಾಲುಗಳ ನಡುವೆ ತೂರುವ ಚೂಪು ಮೂತಿಗಳು, ದಂಟನ್ನು ಕೆಳಕ್ಕೆ ಜಗ್ಗುವ ಜೋಡಿ ರೋಲರುಗಳು, ಮುರಿದುಕೊಂಡ ತೆನೆಯನ್ನು ಒಳಗೆ ಸಾಗಿಸುವ ಸರಪಳಿಗಳು. ಒಂದೊಂದು ಕಂಪನಿಯದು ಒಂದೊಂದು ಬಗೆ. ಯಾವುದು ಒಳ್ಳೆಯದೆಂದು ನೋಡಿ ಹೇಳಲು ಕೊಳ್ಳುವವರು ಅಮರೇಶಪ್ಪನವರನ್ನು ಕರೆಸುತ್ತಾರೆ. ಅವರು ಬಹಳ ಚೆನ್ನಾಗಿ ನೋಡುತ್ತಾರೆ. ಹೇಳುವುದಿಲ್ಲ.

ಕಡುಬೇಸಿಗೆಯಲ್ಲೂ ಅವರ ಮೈಮೇಲೆ ಒಂದು ಬೂದುಬಣ್ಣದ ಕೋಟು ಇರುತ್ತದೆ. ಯಂತ್ರದ ಹಿಂದೆ ಬಗ್ಗಿಕೊಂಡು ನಡೆಯುತ್ತ, ಒಂದು ಹೆಡ್ಡು ಉದುರಿಸಿದ ಕಾಳನ್ನು ಎಡಜೇಬಿಗೂ ಇನ್ನೊಂದು ಉದುರಿಸಿದ್ದನ್ನು ಬಲಜೇಬಿಗೂ ಹಾಕಿಕೊಳ್ಳುತ್ತಾರೆ. ಕೊಯ್ದ ಸಾಲುಗಳ ಮೋಟುಗಳನ್ನು ನಡುವೆ ಬಿಟ್ಟು ಆಚೆಗೊಂದು ಈಚೆಗೊಂದು ಕಾಲಿಡುವುದು ಎಷ್ಟು ವರ್ಷದ ರೂಢಿಯೋ, ಈಗ ಮೆಟ್ರೋ ನಿಲ್ದಾಣದಲ್ಲೂ ಹಾಗೆಯೇ ಕಾಲಗಲಿಸಿ ನಡೆಯುತ್ತಾರೆ. ಅವಸರದ ಜನ ಗೊಣಗುತ್ತ ಸುತ್ತಿಹೋಗುತ್ತಾರೆ. ಸಂಜೆ ಬದುವಿನ ಮೇಲೆ ಕರವಸ್ತ್ರ ಹಾಸಿ ಎರಡೂ ಜೇಬು ಸುರಿದು, ಒಡೆದ ಕಾಳು ಬೇರೆ, ಇಡಿಕಾಳು ಬೇರೆ ಮಾಡಿ, ಬಹಳ ಹೊತ್ತು ದಿಟ್ಟಿಸಿ, ಕೊನೆಗೆ ಎಲ್ಲರೂ ಬಾಯಿಪಾಠ ಮಾಡಿಕೊಂಡಿರುವ ಆ ಮಾತನ್ನು ಹೇಳುತ್ತಾರೆ: "ಎರಡೂ ಛಲೋ ಅದಾವ್ರಿ."

ಇದಕ್ಕೊಂದು ಹಿನ್ನೆಲೆ ಇದೆಯೆಂದು ಅವರ ನೆರೆಯವರು ಹೇಳಿದರು. ಹರೆಯದಲ್ಲಿ ಅಮರೇಶಪ್ಪ ಸನತ್‌ನಗರದಲ್ಲೇ ಒಂದು ಸಣ್ಣ ಕಾರ್ಖಾನೆಯಲ್ಲಿ ರೋಲರುಗಳ ತಪಾಸಣೆ ಮಾಡುತ್ತಿದ್ದರು. ಒಮ್ಮೆ ಮಾಲೀಕರೆದುರು "ಇವು ನಡ್ಯಂಗಿಲ್ಲ" ಎಂದು ಖಚಿತವಾಗಿ ಹೇಳಿಬಿಟ್ಟರು. ಅವನ್ನು ಲೇತಿನಲ್ಲಿ ಕಡೆದಿದ್ದ ನರಹರಿ ಎಂಬ ಗೆಳೆಯ ಅಂದೇ ಕೆಲಸ ಕಳೆದುಕೊಂಡ. ಆಮೇಲೆ ಅದೇ ಗೇಟಿನೆದುರು ಬಾಳೆಹಣ್ಣಿನ ಬಂಡಿ ಇಟ್ಟುಕೊಂಡ. ಬೈದಿದ್ದರೆ ಚೆನ್ನಾಗಿತ್ತೇನೋ, ಸಂಜೆ ಅಮರೇಶಪ್ಪ ಹೊರಬಂದಾಗ ನಗುತ್ತ ಕರೆದು ಹಣ್ಣು ಕೊಡುತ್ತಿದ್ದನಂತೆ, ಸಾಯುವವರೆಗೂ. ಮನುಷ್ಯ ಅಂಜುವುದಕ್ಕೆ ಇದು ಕಾರಣವಾದೀತು. ಸಮರ್ಥನೆಯಾಗಲಾರದು.

ನನಗೆ ಅವರ ಪರಿಚಯವಾದದ್ದು ಕಳೆದ ವರ್ಷ. ಉಪ್ಪಲ್ ಆಚೆಯ ತೆಲುಗು ರೈತರು ಕೂಡಿ ಮಾಡಿಕೊಂಡ ಕಂಪನಿಯೊಂದು ತನ್ನ ಹಳೆಯ ಕಂಬೈನಿಗೆ ಹೊಸ ಹೆಡ್ಡು ಕೊಳ್ಳಬೇಕಿತ್ತು. ಕೃಷಿ ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದ ನನ್ನನ್ನು ಆಯ್ಕೆ ಸಮಿತಿಗೆ ಕರೆದರು. ನಿವೃತ್ತರು ಪುಕ್ಕಟೆ ಸಿಗುತ್ತಾರೆ. ಕಂಪನಿಯ ಮುಖ್ಯಸ್ಥ ವಿಜಯಕುಮಾರ, ಬೀದರ್ ಕಡೆಯ ಬೀಜದ ವ್ಯಾಪಾರಿ, ಎರಡನೆಯವರು. ಮೂರನೆಯವರು ಅಮರೇಶಪ್ಪ.

ಎರಡು ಹೆಡ್ಡುಗಳನ್ನು ಹೊಲಕ್ಕೆ ತರಿಸಿ ನೋಡಿದೆವು. ಒಂದು ದುಬಾರಿ. ದಂಟು ಸಿಕ್ಕಿಕೊಂಡರೆ ಆ ಸಾಲಿನ ರೋಲರು ತಾನೇ ಕಟಕಟ ಸದ್ದು ಮಾಡಿ ನಿಲ್ಲುತ್ತಿತ್ತು. ಚಾಲಕ ಕುಳಿತಲ್ಲಿಂದಲೇ ಅದನ್ನು ಹಿಂದಕ್ಕೆ ತಿರುಗಿಸಬಹುದಿತ್ತು. ಇನ್ನೊಂದು ಅಗ್ಗದ್ದು. ಅದರಲ್ಲಿ ಸಿಕ್ಕ ದಂಟನ್ನು ಕೆಳಗಿಳಿದು ಕೈಯಿಂದಲೇ ಕೀಳಬೇಕು. ಎಂಜಿನ್ ನಿಲ್ಲಿಸಿ ಕೈ ಹಾಕಬೇಕೆಂಬುದು ನಿಯಮ. ಆದರೆ ಆ ಹಳೆಯ ಕಂಬೈನ್ ಒಮ್ಮೆ ನಿಂತರೆ ಸೆಲ್ಫ್ ಬೇಗ ಹತ್ತುವುದಿಲ್ಲ, ಮುಂದಿನ ಪಾಳಿಯ ರೈತರು ಬದುವಿನ ಮೇಲೆ ನಿಂತು ಕೂಗಾಡುತ್ತಾರೆ. ಆದ್ದರಿಂದ ಯಾರೂ ನಿಲ್ಲಿಸುವುದಿಲ್ಲ.

ಕಂಬೈನ್ ನಡೆಸುವವನು ಯಾದಗಿರಿ ಕಡೆಯ ಚಂದ್ರಾಮ. ಅವನಿಗೆ ಬುತ್ತಿ ತಂದಿದ್ದ ಹೆಂಡತಿ ಬಂಡೆಮ್ಮ ಅಗ್ಗದ ಹೆಡ್ಡನ್ನು ಕಂಡವಳೇ ನೆಟ್ಟಗೆ ಅಮರೇಶಪ್ಪನವರ ಹತ್ತಿರ ಬಂದಳು.

"ಯಪ್ಪಾ, ನಮ್ಮ ತಮ್ಮನ ಅಂಗೈ ತಿಂದದ್ದು ಇಂಥದ ನೋಡ್ರಿ. ನೀವು ಬ್ಯಾಡಂದ್ರ ಅವ್ರು ತರಂಗಿಲ್ಲ. ಒಂದ್ ಮಾತು ಅನ್ರಿ."

ಚಂದ್ರಾಮ ರೊಟ್ಟಿ ಅಗಿಯುತ್ತ ನಕ್ಕ. "ಏ, ಸುಮ್ನಿರ. ಎರಡ್ ಕೈ ಅದಾವಲ್ಲ, ಒಂದು ಹೋದ್ರ ಒಂದು ಇರ್ತೈತಿ."

"ಹೂಂ, ಕುಡಿಯೂ ಕೈ ಉಳೀತೈತಿ ನಿಂದು. ದುಡಿಯೂದ ಹೋಗ್ತೈತಿ" ಎಂದಳು ಬಂಡೆಮ್ಮ. ಗಂಡನ ಕಡೆ ನೋಡಲೂ ಇಲ್ಲ. ಅವಳ ಕಣ್ಣು ಅಮರೇಶಪ್ಪನವರ ಮೇಲೇ ಇತ್ತು. ಅವರು ಕಾಳು ಆರಿಸುತ್ತಿದ್ದರು.

ಉಪ್ಪಲ್‌ನ ಕಂಪನಿ ಕಚೇರಿಯಲ್ಲಿ ನಾನು ದುಬಾರಿಯದೇ ಬೇಕೆಂದೆ. ವಿಜಯಕುಮಾರ ಅಗ್ಗದ್ದು ಸಾಕೆಂದ. "ಕೈ ಹಾಕಬಾರದು ಅಂತ ದೊಡ್ಡ ಬೋರ್ಡ್ ಬರಸ್ತೀನ್ರಿ ಮೇಡಂ, ಕೆಂಪಕ್ಷರದಾಗ" ಎಂದು ನನ್ನನ್ನು ಸಮಾಧಾನ ಮಾಡಿದ. ಉಳಿದದ್ದು ಮೂರನೆಯವರ ಮಾತು.

"ತುಟ್ಟೀದು ಕಾಳು ಕಡಿಮಿ ಉದರಸ್ತೈತ್ರಿ" ಎಂದರು ಅಮರೇಶಪ್ಪ. "ಆದ್ರ, ಇದು ಹಗುರ ಐತಿ, ಹಳೇ ಗಾಡಿಗೆ ಸರಿ ಕೂಡತೈತಿ. ಎರಡೂ ಛಲೋ ಅದಾವ್ರಿ."

"ಚಂದ್ರಾಮನ ಕೈ?" ಎಂದು ಕೇಳಿದೆ.

ಅವರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಕೊನೆಗೆ ವಿಜಯಕುಮಾರನ ಮಾತೇ ನಡೆದು ಅಗ್ಗದ್ದು ಗೊತ್ತಾಯಿತು. ಅವರ ಮನೆಗೆ ಹೋಗಿ ಪುಕ್ಕಲು ಎಂದದ್ದು ಆ ಸಂಜೆಯೇ.

ಕಟಾವಿನ ಮೊದಲ ದಿನ ನಾನೂ ಹೊಲಕ್ಕೆ ಹೋದೆ. ಹೊಸ ಹೆಡ್ಡಿನ ಮೇಲೆ ವಿಜಯಕುಮಾರನ ಕೆಂಪಕ್ಷರಗಳು ಆಗಲೇ ಧೂಳು ಹಿಡಿದಿದ್ದವು. ಚಾಲಕನ ಪಕ್ಕದಲ್ಲಿ, ಎಂಜಿನ್ನಿನ ಕಾವಿಗೆ ಯಾರೂ ಕೂರದ ಒಂದು ಕಬ್ಬಿಣದ ಪಟ್ಟಿಯಿರುತ್ತದೆ. ಅದರ ಮೇಲೆ ಅಮರೇಶಪ್ಪ ಕುಳಿತಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಅವರ ಕೆಲಸ ಮುಗಿದು ಎಷ್ಟೋ ದಿನವಾಗಿತ್ತು.

"ನಸುಕಿನ್ಯಾಗ ಬಂದು ಹತ್ತಿ ಕುಂತಾರ್ರಿ. ಇಳೀರಂದ್ರ ಇಳೀವಲ್ರು" ಎಂದ ಚಂದ್ರಾಮ. "ಸುಗ್ಗಿ ಮುಗಿಯೂತನಕ ಬರ್ತಾರಂತ."

ವಿಜಯಕುಮಾರ ಬದುವಿನಿಂದಲೇ ಕೂಗಿದ: "ಅಮರೇಶಪ್ಪಣ್ಣ, ಮದುವಿ ಮೆರವಣಿಗಿ ಅಂದ್ಕೊಂಡೀರೇನು? ಕಾಲು ಹಿಡಕೋತಾವ, ಇಳೀರಿ!" ಸುತ್ತಲಿದ್ದವರು ನಕ್ಕರು. ಅವರು ಇಳಿಯಲಿಲ್ಲ.

ಬಿಸಿಲೇರುವ ಹೊತ್ತಿಗೆ ದಂಟು ಸಿಕ್ಕಿಕೊಂಡು ಹೆಡ್ಡು ನರಳಿತು. ಚಂದ್ರಾಮ ರೂಢಿಯಂತೆ ಎಂಜಿನ್ ಹಾಗೆಯೇ ಬಿಟ್ಟು ಕೆಳಗೆ ಹಾರಿದ. ಸುತ್ತು ಹಾಕಿ ಅವನು ಮುಂದೆ ಬರುವಷ್ಟರಲ್ಲಿ ಎಂಜಿನ್ ನಿಂತುಹೋಯಿತು.

"ಯಾಂವ ಬಂದ್ ಮಾಡ್ದಾಂವ! ಇನ್ನ ಸೆಲ್ಫ್ ಹತ್ತೂದಿಲ್ಲದು!" ಎಂದು ವಿಜಯಕುಮಾರ ಓಡಿಬಂದ. ಪಾಳಿಗೆ ನಿಂತವರು ತೆಲುಗಿನಲ್ಲಿ ಬೈಯತೊಡಗಿದರು. ಎಲ್ಲರ ಬೈಗುಳವೂ ಮೇಲೆ ಕುಳಿತ ಮುದುಕನ ಕಡೆಗೇ ಇತ್ತು. ಚಾಲಕನ ಸೀಟಿನ ಪಕ್ಕದಿಂದ ಅಮರೇಶಪ್ಪನವರ ತೋಳೊಂದು ಹೊರಗೆ ಚಾಚಿತು. ಬೆರಳುಗಳಲ್ಲಿ, ಕೆಳಗೆ ನಿಂತ ಚಂದ್ರಾಮನಿಗೆ ಕಾಣುವ ಹಾಗೆ, ಕಂಬೈನಿನ ಕೀಲಿಕೈ ಇತ್ತು. ಅವನು ರೋಲರಿನೊಳಗೆ ಕೈ ಹಾಕಿ ಒಂದೊಂದೇ ದಂಟು ಕಿತ್ತು ಎಸೆದು, ಎರಡೂ ಕೈ ಹೊರತೆಗೆದು ಧೋತರಕ್ಕೆ ಒರೆಸಿಕೊಳ್ಳುವವರೆಗೂ, ಆ ತೋಳು ಹೊರಗೇ ಇತ್ತು.